ದುಂಡಕ್ಷರ

ಫಾರ್ಮಿನಲ್ಲಿ ಅವಳ ನಿದ್ದೆ ಕೆಡಿಸಿದ್ದು ಒಂದೇ ಗೆರೆ. ಆರು ತಿಂಗಳ ತರಬೇತಿ ಎಲ್ಲಿ: ಆಸ್ಪತ್ರೆಯ ಔಷಧ ವಿಭಾಗದಲ್ಲೋ, ಔಷಧದ ಅಂಗಡಿಯಲ್ಲೋ. ಸಂಜೆ ನಾಲ್ಕರೊಳಗೆ ಬರೆದು ಆಸ್ಪತ್ರೆಯ ಔಷಧ ವಿಭಾಗದ ಮೇಡಂ ಕೈಗೆ ಕೊಡಬೇಕು. ಬೆಳಿಗ್ಗೆ ಆರಕ್ಕೇ ಎದ್ದು ಊಟದ ಮೇಜಿನ ಮುಂದೆ ಕುಳಿತವಳು ಏಳೂವರೆಯಾದರೂ ಪೆನ್ನಿನ ಮುಚ್ಚಳ ತೆಗೆದಿರಲಿಲ್ಲ. ಹೆಸರು, ವಿಳಾಸ, ಅಂಕಗಳನ್ನಾದರೂ ಬರೆದುಬಿಡಬಹುದಿತ್ತು. ಆದರೆ ಒಂದು ಹಾಳೆಯನ್ನು ಎರಡು ಸಲ ಕೂತು ಬರೆದರೆ ಅಕ್ಷರದ ವಾಲಿಕೆ ಬದಲಾಗುತ್ತದೆ, ಬರೆದರೆ ಒಂದೇ ಉಸಿರಿಗೆ ಬರೆಯಬೇಕು ಎನ್ನುವುದು ಅವಳ ಹಟ. ಅದು ಅಪ್ಪ ಕಲಿಸಿದ ಹಟ. ಅಪ್ಪ ಬೋರ್ಡು ಬರೆಯುವವರು. ಬೀದಿಯ ಅರ್ಧ ಅಂಗಡಿಗಳ ನೆತ್ತಿಯ ಮೇಲೆ ಅವರ ಅಕ್ಷರವಿದೆ. ಅವಳಿಗೆ ಆರು ವರ್ಷವಿದ್ದಾಗ ಸ್ಲೇಟಿನ ಮೇಲೆ ದುಂಡಗೆ ಬಾರದ ಒಂದೊಂದು ಅಕ್ಷರಕ್ಕೂ ಕುಂಚದ ಹಿಡಿಯಿಂದ ಬೆರಳ ಗೆಣ್ಣಿಗೆ ಒಂದು ಬೀಳುತ್ತಿತ್ತು. ಈಗ ಅಪ್ಪನ ಕೈ ನಡುಗುತ್ತದೆ, ಬೋರ್ಡು ಬರೆಯುವುದು ನಿಂತಿದೆ. ಹೊಡೆಯುತ್ತಿದ್ದ ಕೈ ನಡುಗುವುದನ್ನು ನೋಡಿದಾಗ ಅವಳಿಗೆ ಅಯ್ಯೋ ಅನ್ನಿಸುವುದಕ್ಕಿಂತ ಮೊದಲು ಒಂದು ಸಣ್ಣ ಸಮಾಧಾನವಾಗುತ್ತದೆ, ಆಮೇಲೆ ಆ ಸಮಾಧಾನಕ್ಕಾಗಿ ನಾಚಿಕೆಯಾಗುತ್ತದೆ.

"ಅದೇನು ದಿಟ್ಟಿಸ್ತಾ ಕೂತಿದೀಯ? ಆಸ್ಪತ್ರೆ ಅಂತ ಬರೆದು ಎದ್ದು ಬಾ," ಎಂದಳು ಅಮ್ಮ, ಒಲೆಯ ಮುಂದಿನಿಂದಲೇ. "ಅಂಗಡಿಯಲ್ಲಿ ಪೊಟ್ಟಣ ಕಟ್ಟೋಕಾ ನಾಲ್ಕು ವರ್ಷ ಓದಿಸಿದ್ದು?"

"ಸುಮ್ಮನೆ ಗೀಚಬೇಡ, ಚೆನ್ನಾಗಿ ಬರೀ," ಎಂದರು ಅಪ್ಪ. "ಅಕ್ಷರ ನೋಡೇ ಸೀಟು ಕೊಡ್ತಾರೆ."

ಅಕ್ಷರ ನೋಡಿ ಯಾರೂ ಸೀಟು ಕೊಡುವುದಿಲ್ಲ ಎಂದು ಅಪ್ಪನಿಗೆ ಹೇಳಿ ಪ್ರಯೋಜನವಿರಲಿಲ್ಲ. ಆಸ್ಪತ್ರೆಯಲ್ಲಿ ಇದ್ದದ್ದು ಒಂದೇ ಸೀಟು, ಅದಕ್ಕೆ ಇಬ್ಬರು. ಒಬ್ಬಳು ತಾನು, ಇನ್ನೊಬ್ಬಳು ತಕ್ಕಡಿ. ತರಗತಿಯವರು ಗೆಳತಿಗೆ ತಕ್ಕಡಿ ಎಂದು ಹೆಸರಿಟ್ಟದ್ದು ಅವಳು ಒಂದು ಚಿಟಿಕೆ ಪುಡಿಯನ್ನೂ ಮೂರು ಸಲ ತೂಗುತ್ತಿದ್ದುದರಿಂದ. ಇವಳಿಗೆ ಲೇಬಲ್ ಎಂದು ಇಟ್ಟದ್ದು ಇವಳ ಕೈಬರಹ ಕಂಡು. ನಾಲ್ಕು ವರ್ಷ ಇಬ್ಬರೂ ಒಂದೇ ಬೆಂಚು, ಒಂದೇ ಡಬ್ಬಿಯ ಊಟ, ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳ ನೋಟ್ಸು. ಅಂಕ ಮಾತ್ರ ತಕ್ಕಡಿಗೇ ಹೆಚ್ಚು. ಇಬ್ಬರೂ ಆಸ್ಪತ್ರೆ ಎಂದು ಬರೆದರೆ ಸೀಟು ಯಾರಿಗೆ ಎಂದು ಕೇಳುವುದೇ ಬೇಡ. ಅಂಗಡಿ ಎಂದು ತಾನೇ ಬರೆದುಬಿಟ್ಟರೆ ಸೋತವಳು ಅನ್ನಿಸಿಕೊಳ್ಳುವ ಬದಲು ಬಿಟ್ಟುಕೊಟ್ಟವಳು ಅನ್ನಿಸಿಕೊಳ್ಳಬಹುದು ಎಂದು ಅವಳು ಲೆಕ್ಕ ಹಾಕಿದ್ದಳು. ಮೊನ್ನೆ ಲ್ಯಾಬಿನಲ್ಲಿ ಗಾಜಿನ ಲೋಟ ತೊಳೆಯುತ್ತ ತಕ್ಕಡಿ, "ನಿನಗೆ ಆಸ್ಪತ್ರೇನೇ ಬೇಕು ಅಂದ್ರೆ ಹೇಳೇ, ನಾನು ಅಂಗಡಿಗೆ ಹೋಗ್ತೀನಿ. ನಿಜವಾಗ್ಲೂ," ಅಂದಿದ್ದಳು. ಕೊಂಕಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು. ಅವಳು ಮನಸಾರೆ ಅಂದಿದ್ದಳು. ಅದಕ್ಕೇ ಇವಳಿಗೆ ಮೈಯೆಲ್ಲ ಉರಿದುಹೋಯಿತು. "ನಿನ್ನ ಭಿಕ್ಷೆ ಬೇಡ" ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ನಕ್ಕು, ಅವಳ ಬೆನ್ನಿಗೊಂದು ಗುದ್ದಿದಳು.

ಫಾರ್ಮು ಕೊಡುವ ಮೊದಲು ಎರಡೂ ಕಡೆ ಕೆಲಸ ನೋಡಿ ಮೊಹರು ಹಾಕಿಸಿಕೊಂಡಿರಬೇಕು ಎಂದು ಕಾಲೇಜಿನ ನಿಯಮ. ಆಸ್ಪತ್ರೆಯ ಹದಿನೈದು ದಿನ ತಕ್ಕಡಿಯ ಜೊತೆಯಲ್ಲೇ ಕಳೆದ ವಾರ ಮುಗಿದಿತ್ತು. ಅಂಗಡಿಯ ಅರ್ಧ ದಿನ ಉಳಿದಿತ್ತು. ಅವಳು ಫಾರ್ಮನ್ನು ಪುಸ್ತಕದೊಳಗೆ ಮಡಿಕೆ ಬೀಳದಂತೆ ಇಟ್ಟುಕೊಂಡು ಹೊರಟಳು.

ಅಂಗಡಿಯವರು ಅರವತ್ತು ದಾಟಿದ ಸಣಕಲು ಮನುಷ್ಯ. ಕನ್ನಡಕ ಮೂಗಿನ ತುದಿಗೆ ಇಳಿದಿರುತ್ತಿತ್ತು, ಅದರ ಮೇಲಿನಿಂದ ಜನರನ್ನು ನೋಡುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಔಷಧ ಕೊಟ್ಟು ಕೈ ತೊಳೆದುಕೊಳ್ಳುವವರಲ್ಲ. ಪೊಟ್ಟಣದ ಮೇಲೆ ಬರೆದದ್ದನ್ನು ಗಿರಾಕಿ ಗಟ್ಟಿಯಾಗಿ ಓದಿ ಹೇಳಬೇಕು, ಓದಲು ಬಾರದವರು ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು. ಹೇಳಿದ ಮೇಲೇ ಪೊಟ್ಟಣದ ಮೇಲಿಂದ ಅವರ ಕೈ ಏಳುತ್ತಿತ್ತು. ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರು. "ಇಪ್ಪತ್ತು ವರ್ಷದಿಂದ ಇದೇ ಮಾತ್ರೆ ನುಂಗ್ತಿದೀನಿ ಮಾರಾಯ್ರೇ, ಇದೇನು ಪರೀಕ್ಷೆ," ಎಂದೊಬ್ಬ ಸಿಡುಕಿದ. "ಹಾಗಾದ್ರೆ ಪಾಸಾಗೋದು ಸುಲಭ, ಹೇಳಿ," ಎಂದರು ಅಂಗಡಿಯವರು. ಅವನು ಮುಖ ಗಂಟು ಹಾಕಿಕೊಂಡೇ ಹೇಳಿದ, ಅದೂ ತಪ್ಪು ಹೇಳಿದ. ಸಾಲು ನಕ್ಕಿತು. ಅವಳು ಮೂಲೆಯ ಸ್ಟೂಲಿನ ಮೇಲೆ ಕುಳಿತು ತಾನೂ ನಕ್ಕಳು, ಆದರೆ ಬೇರೆ ಕಾರಣಕ್ಕೆ. ಇಲ್ಲಿ ಆರು ತಿಂಗಳು ಕೂತರೆ ತಾನು ಕಲಿಯುವುದು ಕೆಮ್ಮಿನ ಔಷಧದ ಬಾಟಲಿಯ ಧೂಳು ಒರೆಸುವುದನ್ನೇ ಎಂದುಕೊಂಡಳು. ಆಸ್ಪತ್ರೆಯಲ್ಲಿ ಹೀಗೆಲ್ಲ ಇಲ್ಲ. ಅಲ್ಲಿ ಬಿಳಿ ದೀಪ, ಉದ್ದನೆಯ ಕಲ್ಲಿನ ಕಟ್ಟೆ, ಗಾಜಿನ ಕಿಂಡಿ. ಅಲ್ಲಿ ಒಬ್ಬರು ಕಟ್ಟಿದ ಪೊಟ್ಟಣವನ್ನು ಇನ್ನೊಬ್ಬರು ನೋಡಿ ಮೂಲೆಯಲ್ಲಿ ಟಿಕ್ ಹಾಕದೆ ಅದು ಕಿಂಡಿಯಾಚೆ ದಾಟುವಂತಿಲ್ಲ. ನೋಡುವವರಿಗೆ ಎರಡನೇ ಕಣ್ಣು ಎಂದೇ ಹೆಸರು. ಅವಳ ಎರಡನೇ ಕಣ್ಣು ತಕ್ಕಡಿ. ತಕ್ಕಡಿ ಟಿಕ್ ಹಾಕುವುದರಲ್ಲೂ ತಕ್ಕಡಿಯೇ. ಮಾತ್ರೆ ಎಣಿಸಿದ ಮೇಲೆ ಒಂದು ಚುಕ್ಕೆ ಇಡುತ್ತಾಳೆ, ಲೇಬಲು ಓದಿದ ಮೇಲೆ ಆ ಚುಕ್ಕೆಯಿಂದ ಗೆರೆ ಎಳೆಯುತ್ತಾಳೆ. ಬೇರೆ ಕಾಲೇಜಿನಿಂದ ಬಂದಿದ್ದ ಇಬ್ಬರ ಪೊಟ್ಟಣಗಳನ್ನು ಬೆರಳಿಟ್ಟು ಓದಿ ಅವರ ಜೀವ ತಿನ್ನುತ್ತಿದ್ದಳು. ಇವಳದು ಬಂದಾಗ ಮಾತ್ರ ಎಣಿಸಿ, ಚುಕ್ಕೆಯನ್ನೂ ಗೆರೆಯನ್ನೂ ಒಟ್ಟಿಗೇ ಎಳೆದು, "ನಿಂದು ಓದೋದೇನೇ, ಅಚ್ಚು ಹಾಕಿದ ಹಾಗಿದೆ," ಅಂದು ಆಚೆ ತಳ್ಳುತ್ತಿದ್ದಳು. ಲೇಬಲು ಮುದ್ರಿಸುವ ಯಂತ್ರ ಕೆಟ್ಟು ಕೂತಿದ್ದ ವಾರ ಅದು. ಇವಳಿಗೆ ಅದೊಂದು ಹಬ್ಬದಂತಾಗಿತ್ತು.

ಹನ್ನೊಂದರ ಸುಮಾರಿಗೆ ಒಬ್ಬ ವಯಸ್ಸಾದ ಹೆಂಗಸು ತನ್ನ ಗಂಡನ ತೋಳು ಹಿಡಿದುಕೊಂಡು ಬಂದರು. ಗಂಡ ಬಾಯಿಗೆ ಟವೆಲು ಒತ್ತಿಕೊಂಡಿದ್ದರು. ನಿವೃತ್ತ ಮೇಷ್ಟ್ರಂತೆ, ಅಂಗಡಿಯವರಿಗೆ ಗುರುತಿದ್ದವರು.

"ಬಾಯಿ ಹುಣ್ಣಿಗೆ ಏನಾದ್ರೂ ಕೊಡಿ," ಎಂದರು ಹೆಂಗಸು. "ಎರಡು ದಿನ ಆಯ್ತು, ನೀರು ಕುಡಿದರೂ ಕಣ್ಣಲ್ಲಿ ನೀರು ಬರುತ್ತೆ ಇವರಿಗೆ."

"ಬೇರೆ ಏನು ಮಾತ್ರೆ ನುಂಗ್ತಿದಾರೆ?"

"ಕೀಲುನೋವಿಂದು, ಆಸ್ಪತ್ರೆಯಲ್ಲಿ ಕೊಟ್ಟಿದ್ದು." ಅವರು ಚೀಲದಿಂದ ಕಾಗದದ ಪೊಟ್ಟಣವೊಂದನ್ನು ತೆಗೆದು ಕಟ್ಟೆಯ ಮೇಲಿಟ್ಟರು.

ಸ್ಟೂಲಿನ ಮೇಲಿಂದ ಓದಲು ಆಗುವಷ್ಟು ಹತ್ತಿರವಿರಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ತನ್ನ ಮಗುವಿನ ನಡಿಗೆಯನ್ನು ತಾಯಿ ಹಿಂದಿನಿಂದಲೇ ಗುರುತಿಸಿದ ಹಾಗೆ ಅವಳಿಗೆ ಆ ಸಾಲಿನ ಉಬ್ಬು ಇಳುಕು ಗೊತ್ತಾಯಿತು. ಅಂಗಡಿಯವರು ಪೊಟ್ಟಣ ಎತ್ತಿ ಓದಿದರು, ಕನ್ನಡಕ ಮೇಲೇರಿಸಿ ಇನ್ನೊಮ್ಮೆ ಓದಿದರು, ಒಳಗಿನ ಹಳದಿ ಮಾತ್ರೆಗಳನ್ನು ಅಂಗೈಗೆ ಸುರಿದುಕೊಂಡರು.

"ದಿನಕ್ಕೆ ಒಂದು ಅಂತ ಬರೆದಿದೆ. ದಿನಾ ನುಂಗಿದ್ರಾ ಮೇಷ್ಟ್ರೇ?"

ಮೇಷ್ಟ್ರು ತಲೆಯಾಡಿಸಿದರು. ಆರು ಬೆರಳು ತೋರಿಸಿದರು.

"ವಾರಕ್ಕೆ ಒಂದು ನುಂಗೋ ಮಾತ್ರೆ ಇದು. ವಾರಕ್ಕೆ ಒಂದೇ."

"ಡಾಕ್ಟ್ರು ಹಾಗೇ ಅಂದ ಹಾಗಿತ್ತು," ಎಂದರು ಹೆಂಗಸು, ಧ್ವನಿ ಸಣ್ಣದಾಗಿ. "ನಾನೂ ಅಂದೆ ಇವರಿಗೆ. ಇವರು ಕೇಳಲಿಲ್ಲ. ನೋಡೇ ಎಷ್ಟು ಮುತ್ತಿನ ಹಾಗೆ ಬರೆದಿದಾರೆ, ಇಷ್ಟು ಶ್ರದ್ಧೆಯಿಂದ ಬರೆಯೋರು ತಪ್ಪು ಬರೀತಾರಾ ಅಂದ್ರು. ನಲವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವರು ನೋಡಿ, ಅಕ್ಷರ ಕಂಡ್ರೆ ಇವರಿಗೆ ಅಷ್ಟು ನಂಬಿಕೆ."

 ಕಳೆದ ವಾರ ಆಸ್ಪತ್ರೆಯಲ್ಲಿ ಒಂದು ಬೆಳಿಗ್ಗೆ ಅವಳು ದಿನಕ್ಕೆ ಒಂದು, ದಿನಕ್ಕೆ ಒಂದು ಎಂದು ಐವತ್ತೋ ಅರವತ್ತೋ ಪೊಟ್ಟಣ ಬರೆದಿದ್ದಳು. ಕೈ ಹದಕ್ಕೆ ಬಂದಿತ್ತು, ಕಣ್ಣು ಡಾಕ್ಟರ ಚೀಟಿಯ ಮೇಲಿರಲಿಲ್ಲ, ಅಕ್ಷರದ ಮೇಲಿತ್ತು. ಒಂದು ಪೊಟ್ಟಣದ ಮೇಲೆ 'ದಿ'ಯ ಗುಡಿಸು ಎಷ್ಟು ಸೊಗಸಾಗಿ ಬಂತೆಂದರೆ ಅವಳು ಅದನ್ನು ತುಸು ದೂರ ಹಿಡಿದು ನೋಡಿದ್ದಳು. ಅಪ್ಪನಿಗೆ ತೋರಿಸಬೇಕು ಅನ್ನಿಸಿತ್ತು. ಅದು ಇದೇ ಪೊಟ್ಟಣವೋ ಬೇರೆಯದೋ ಎಂದು ತಿಳಿಯಲು ಎದ್ದು ಹೋಗಿ ನೋಡಬೇಕಿತ್ತು. ಎದ್ದೂ ಬಿಡಬೇಕಿತ್ತು. ಇದು ನಾನು ಬರೆದದ್ದು ಎಂದು ಮೂರು ಮಾತು. ಅದರ ಬದಲು ಅವಳು ಸ್ಟೂಲಿನ ಮೇಲೆ ಇನ್ನಷ್ಟು ನೆಟ್ಟಗೆ ಕುಳಿತು, ಗಮನವಿಟ್ಟು ಪಾಠ ಕೇಳುವ ವಿದ್ಯಾರ್ಥಿನಿಯ ಮುಖ ಮಾಡಿಕೊಂಡಳು.

ಅಂಗಡಿಯವರು ಒಂದು ಚೀಟಿ ಬರೆದು ಹೆಂಗಸಿನ ಕೈಗೆ ಕೊಟ್ಟು, "ಮುಲಾಮು ಗಿಲಾಮು ಬೇಡ, ಈಗಿಂದೀಗ ಆಸ್ಪತ್ರೆಗೆ ಹೋಗಿ, ರಕ್ತ ಪರೀಕ್ಷೆ ಮಾಡಬೇಕು, ಮನೆಗೆ ಹೋಗಿ ಆಮೇಲೆ ಅಂತ ಅಂದ್ಕೋಬೇಡಿ," ಎಂದರು. ಎಂದಿನಂತೆ ಅದನ್ನೂ ತಿರುಗಿ ಹೇಳಿಸಿದರು. ತಾವೇ ಬೀದಿಗಿಳಿದು ಬಾಡಿಗೆ ಗಾಡಿ ನಿಲ್ಲಿಸಿ ಅವರನ್ನು ಹತ್ತಿಸಿ ಬಂದರು. ಬಂದು, ಉಳಿದ ಮಾತ್ರೆಗಳ ಸಮೇತ ಪೊಟ್ಟಣವನ್ನು ಒಂದು ಲಕೋಟೆಗೆ ಹಾಕಿ, ಅವಳ ಮುಂದೆ ಚಾಚಿದರು. "ನೀನು ಹೇಗೂ ಮಧ್ಯಾಹ್ನ ಅಲ್ಲಿಗೆ ಹೋಗೋಳಲ್ಲವಾ? ಔಷಧ ವಿಭಾಗದ ಮೇಡಂ ಕೈಗೇ ಕೊಡು. ಇಂಥದ್ದು ಎಲ್ಲಿ ತಪ್ಪಿತು ಅಂತ ಗೊತ್ತಾಗಬೇಕು."

"ಕೊಡ್ತೀನಿ ಸರ್," ಎಂದಳು ಅವಳು.

"ಹಾಂ, ನಿಂದೊಂದು ಬಾಕಿ ಇದೆ. ತರಬೇತಿಗೆ ಬರೋರ ಹತ್ತಿರ ನಾನು ಒಂದು ಲೇಬಲ್ ಬರೆಸ್ತೀನಿ. ಬರೀ. ಊಟದ ನಂತರ ಎರಡು, ಮೂರು ದಿನ."

ಅವಳು ಪೆನ್ನು ಹಿಡಿದಳು. ಹದಿನಾರು ವರ್ಷದಿಂದ ದುಂಡಗಲ್ಲದೆ ಬೇರೆ ಬರೆದು ಗೊತ್ತಿಲ್ಲದ ಬೆರಳುಗಳಿಗೆ ಅಂಕುಡೊಂಕು ಬರೆಯುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಗೆಣ್ಣಿನ ಮೇಲೆ ಕುಂಚದ ಹಿಡಿ ಈಗ ಬಿದ್ದೀತು ಎಂಬಂತೆ ಕೈ ಹೆದರಿತು. ಆದರೂ ಬರೆದಳು. ಒಂದಕ್ಷರ ಮೇಲೆ, ಒಂದಕ್ಷರ ಕೆಳಗೆ, ಒತ್ತಕ್ಷರ ಎಲ್ಲೋ. ಅಂಗಡಿಯವರು ಅದನ್ನೆತ್ತಿಕೊಂಡು ಕನ್ನಡಕದ ಮೂಲಕ ಓದಿ, ಮೇಲಿನಿಂದ ಅವಳನ್ನು ನೋಡಿದರು.

"ಕೋಳಿ ಕೆದರಿದ ಹಾಗಿದೆಯಲ್ಲಮ್ಮ. ಇರಲಿ, ಪರವಾಗಿಲ್ಲ. ಕೆಟ್ಟ ಅಕ್ಷರವನ್ನ ಜನ ಕಷ್ಟಪಟ್ಟಾದ್ರೂ ಓದ್ತಾರೆ. ಚೆಂದದ ಅಕ್ಷರ ಯಾರೂ ಓದಲ್ಲ, ನೋಡ್ತಾರೆ ಅಷ್ಟೆ." ಅವರು ಅವಳ ಫಾರ್ಮಿಗೆ ಮೊಹರು ಒತ್ತಿದರು. "ನಿನಗೆ ಇಷ್ಟ ಇದ್ರೆ ಬಾ. ನನಗೂ ವಯಸ್ಸಾಯ್ತು, ಜೊತೆಗೊಬ್ಬರು ಬೇಕು."

ಅವರಿಗೆ ಗೊತ್ತಾಗಿತ್ತೋ ಇಲ್ಲವೋ ಎಂದು ಬಸ್ಸಿನಲ್ಲಿ ಕೂತ ಮೇಲೆ ಅವಳು ತಲೆ ಕೆಡಿಸಿಕೊಂಡಳು. ಗೊತ್ತಿದ್ದೇ ಲಕೋಟೆಯನ್ನು ತನ್ನ ಕೈಗೆ ಕೊಟ್ಟಿದ್ದರೆ ಅದು ನಂಬಿಕೆಯೋ, ಶಿಕ್ಷೆಯೋ. ಮಧ್ಯಾಹ್ನದ ಬಸ್ಸು ಅರ್ಧ ಖಾಲಿಯಿತ್ತು. ಅವಳು ಲಕೋಟೆ ಬಿಚ್ಚಿದಳು. ಹೌದು, ಅದೇ ಪೊಟ್ಟಣ, ಅದೇ ಗುಡಿಸು. ಮೂಲೆಯಲ್ಲಿ ತಕ್ಕಡಿಯ ಟಿಕ್. ಆಗ ಅವಳ ಮನಸ್ಸಿನಲ್ಲಿ ಮೇಷ್ಟ್ರಿರಲಿಲ್ಲ ಎಂಬುದನ್ನು ಹೇಳಿಬಿಡಬೇಕು. ಟವೆಲು, ಆರು ಬೆರಳು, ಯಾವುದೂ ಇರಲಿಲ್ಲ. ಇದ್ದದ್ದು ಒಂದೇ ಯೋಚನೆ: ಈ ಅಕ್ಷರ ತನ್ನದೆಂದು ಯಾರು ಬೇಕಾದರೂ ಹೇಳುತ್ತಾರೆ, ಈ ಟಿಕ್ ತಕ್ಕಡಿಯದೆಂದೂ ಯಾರು ಬೇಕಾದರೂ ಹೇಳುತ್ತಾರೆ, ಎರಡರಲ್ಲಿ ಒಂದು ಮಾತ್ರ ಉಳಿದರೆ? ಯೋಚನೆ ಬಂದದ್ದಕ್ಕೆ ಗಾಬರಿಯಾಗಲಿಲ್ಲ, ಇಷ್ಟು ತಣ್ಣಗೆ ಬಂತಲ್ಲ ಎಂದು ಗಾಬರಿಯಾಯಿತು. ಪುಸ್ತಕದಲ್ಲಿ ಗುರುತಿಗೆಂದು ಇಟ್ಟುಕೊಂಡಿದ್ದ ಆಸ್ಪತ್ರೆಯ ಖಾಲಿ ಪೊಟ್ಟಣವೊಂದಿತ್ತು. ತೊಡೆಯ ಮೇಲೆ ಪುಸ್ತಕವಿಟ್ಟು, ಬಸ್ಸು ನಿಲ್ದಾಣದಲ್ಲಿ ನಿಂತಾಗಲೆಲ್ಲ ಒಂದೊಂದು ಪದದಂತೆ, ದಿನಕ್ಕೆ ಒಂದು ಎಂದು ಅಂಕುಡೊಂಕಾಗಿ ಬರೆದಳು. ಈ ಸಲ ಕೈ ಹೆದರಲಿಲ್ಲ. ಆಮೇಲೆ ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ಟಿಕ್ ನಕಲು ಮಾಡಿದಳು. ಮೊದಲು ಗೆರೆ, ಕೊನೆಗೆ ಚುಕ್ಕೆ. ಉಳಿದ ಮಾತ್ರೆಗಳನ್ನು ಹೊಸದಕ್ಕೆ ಸುರಿದಳು. ಹಳೆಯ ಪೊಟ್ಟಣವನ್ನು ಹರಿದು ಕಿಟಕಿಯಾಚೆ ಬಿಡಲು ಕೈ ಎತ್ತಿದವಳು ಗುಡಿಸನ್ನು ನೋಡಿ ಮಡಿಸಿ ಪುಸ್ತಕದ ಕೊನೆಯ ಹಾಳೆಗಳ ನಡುವೆ ಇಟ್ಟುಕೊಂಡಳು.

ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಮೇಷ್ಟ್ರ ಹೆಂಡತಿ ಒಬ್ಬರೇ ಕೂತಿದ್ದರು, ಮಡಿಲಲ್ಲಿ ಟವೆಲು. ಇವಳನ್ನು ಕಂಡದ್ದೇ ಎದ್ದು ನಿಂತರು. "ಅಂಗಡಿಯಲ್ಲಿದ್ದ ಹುಡುಗಿ ಅಲ್ವಾ ನೀನು? ಇವರನ್ನ ಒಳಗೆ ಮಲಗಿಸಿದಾರೆ ಮಗಳೇ. ರಕ್ತ ತುಂಬಾ ಇಳಿದುಹೋಗಿದೆಯಂತೆ, ಈಗಲೇ ಏನೂ ಹೇಳೋಕಾಗಲ್ಲ ಅಂತಾರೆ. ಆ ಪೊಟ್ಟಣ ತಂದೆಯಾ?" ತಂದಿದ್ದೇನೆ ಎಂದಳು. "ಪುಣ್ಯ ಬರಲಿ ನಿನಗೆ," ಎಂದು ಅವರು ಅವಳ ಕೈಯನ್ನು, ಬರೆಯುವ ಕೈಯನ್ನೇ, ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಈ ಹೆಂಗಸನ್ನು ಒಳಗೆ ಕರೆಸಿ ಪೊಟ್ಟಣ ತೋರಿಸಿದರೆ ತನ್ನ ಕತೆ ಮುಗಿಯಿತು ಎಂಬುದಷ್ಟೇ ಅವಳಿಗೆ ಆಗ ಹೊಳೆದದ್ದು. ಕೈ ಬಿಡಿಸಿಕೊಂಡು ಒಳಗೆ ಹೋದಳು.

ಮೇಡಂ ಕೋಣೆಯಲ್ಲಿ ತಕ್ಕಡಿ ಆಗಲೇ ನಿಂತಿದ್ದಳು. ಬೆಳಿಗ್ಗೆಯೇ ಫಾರ್ಮು ತುಂಬಿ ತಂದಿದ್ದಳು, ಅದು ಮೇಜಿನ ಮೇಲಿತ್ತು. ಮೇಡಂ ಅಂಗಡಿಯವರ ಚೀಟಿ ಓದಿ ಮುಗಿಸಿದ್ದರು. ಲಕೋಟೆಯಿಂದ ಪೊಟ್ಟಣ ತೆಗೆದು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೇನು ಅಕ್ಷರ. ಆ ಬೇರೆ ಕಾಲೇಜಿನವರದೇ ಇರಬೇಕು, ಹೋಗಿಯಾಯ್ತು ಅವರು. ಅವರು ಬರೆದದ್ದಿರಲಿ, ನೋಡೋರು ಏನು ಮಾಡ್ತಿದ್ರು? ಈ ಟಿಕ್ ಯಾರದು?" ಎಂದು ಅದನ್ನು ತಕ್ಕಡಿಯ ಕಡೆ ತಳ್ಳಿದರು.

ತಕ್ಕಡಿ ಪೊಟ್ಟಣವನ್ನು ಕೈಗೆ ತೆಗೆದುಕೊಂಡಳು. ತುಂಬ ಹೊತ್ತು ನೋಡಿದಳು. ಬರಹವನ್ನು ನೋಡಿದಳು, ಮೂಲೆಯನ್ನು ನೋಡಿದಳು, ಹೆಬ್ಬೆರಳಿಂದ ಚುಕ್ಕೆಯನ್ನು ಒಮ್ಮೆ ಸವರಿದಳು. ಇವಳ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು. ಗೋಡೆಯ ಗಡಿಯಾರ ಮೂರೂ ಕಾಲು ತೋರಿಸುತ್ತಿತ್ತು. ಈಗ ಬಾಯಿ ಬಿಡು, ಈಗ ಬಿಡು ಎಂದು ಇವಳು ಮನಸ್ಸಿನಲ್ಲೇ ಅಂದಳು. ಗೆಳತಿಗೆ ಹೇಳಿದಳೋ ತನಗೆ ಹೇಳಿಕೊಂಡಳೋ ಅವಳಿಗೇ ತಿಳಿಯಲಿಲ್ಲ.

"ಆ ಮಾತ್ರೆಗೆ ಟಿಕ್ ಹಾಕಿದ್ದು ನಾನೇ ಮೇಡಂ," ಎಂದಳು ತಕ್ಕಡಿ. "ಓದದೆ ಹಾಕಿದೆ."

"ಇಷ್ಟು ಕೆಟ್ಟದಾಗಿ ಬರೆದಿರೋದನ್ನ ಓದದೆ? ಇಂಥದ್ದು ಬಂದ್ರೆ ಎರಡು ಸಲ ಓದಬೇಕು ಅನ್ನೋ ಬುದ್ಧಿ ಬೇಡವಾ?"

"ಇಂಥ ಅಕ್ಷರ ಬಂದಾಗ ಎರಡು ಸಲ ಓದ್ತಿದ್ದೆ ಮೇಡಂ."

"ಮತ್ತೆ ಇದನ್ನ?"

ತಕ್ಕಡಿ ಪೊಟ್ಟಣವನ್ನು ಮೇಜಿನ ಮೇಲೆ ತಿರುಗಿ ಇಟ್ಟಳು. ತಪ್ಪು ಮಾಡಿದ್ದೂ ಅಲ್ಲದೆ ಎದುರುತ್ತರ ಬೇರೆ ಎಂದರು ಮೇಡಂ. ಎಲ್ಲರೂ ಹೊಗಳಿದ್ದೇ ಹೊಗಳಿದ್ದು, ತಕ್ಕಡಿ ಅಂತೆ ತಕ್ಕಡಿ, ಒಳಗೆ ಮಲಗಿರೋ ಮನುಷ್ಯನ ಮುಂದೆ ಹೋಗಿ ನಿಂತು ಹೇಳು ನಿನ್ನ ಬಿರುದನ್ನ ಎಂದರು. ಅವಳ ಫಾರ್ಮನ್ನು ತಿರುಗಿಸಿ ಅವಳ ಮುಂದೆಯೇ ಅಡ್ಡ ಗೀಟು ಎಳೆದರು. ಇವಳು ಗೀಟಿನ ಸದ್ದು ಕೇಳಿದಳು. ಅಯ್ಯೋ ಅನ್ನಿಸಿತು, ಅದರ ಹಿಂದೆಯೇ ಏನೋ ಹಗುರವಾಯಿತು, ಹಗುರವಾದದ್ದೇ ಹೆಚ್ಚು ಹೊತ್ತು ಉಳಿಯಿತು.

"ನಿಂದೆಲ್ಲಮ್ಮ ಫಾರ್ಮು? ಇನ್ನೂ ಬರೆದಿಲ್ಲವಾ? ಇಲ್ಲೇ ಕೂತು ಬರೀ."

ಮೇಡಂ ಎದುರಿನ ಕುರ್ಚಿಯಲ್ಲಿ ಕೂತು ಅವಳು ಪೆನ್ನಿನ ಮುಚ್ಚಳ ತೆಗೆದಳು. ಈಗಲೂ ಅಂಗಡಿ ಎಂದು ಬರೆಯಬಹುದು ಎಂದು ಒಂದು ಕ್ಷಣ ಅನ್ನಿಸಿತು. ಬರೆದರೆ ಏನೋ ಸರಿಹೋದಂತಾದೀತು. ಆದರೆ ಅಲ್ಲಿ ಕನ್ನಡಕದ ಮೇಲಿನ ಆ ಕಣ್ಣುಗಳು, ಓದಿ ಹೇಳಿ ಎನ್ನುವ ಆ ಬಾಯಿ, ಆರು ತಿಂಗಳು ದಿನಕ್ಕೆ ನೂರು ಸಲ. ಒಂದೇ ಉಸಿರಿಗೆ ಬರೆದಳು. ಹೆಸರು, ವಿಳಾಸ, ಅಂಕ, ಆಸ್ಪತ್ರೆ. ಕಲೆಯಿಲ್ಲ, ತಿದ್ದಿಲ್ಲ. ಕೈ ಇಷ್ಟು ಚೆನ್ನಾಗಿ ಎಂದೂ ಓಡಿರಲಿಲ್ಲ. ಮೇಡಂ ಹಾಳೆ ಎತ್ತಿಕೊಂಡು, ಕೋಪ ಇಳಿದು, ನಕ್ಕೇಬಿಟ್ಟರು. "ನೋಡು, ಕೈಬರಹ ಅಂದ್ರೆ ಹೀಗಿರಬೇಕು. ಎಲ್ಲಾ ಪೊಟ್ಟಣ ಇಂಥವರೇ ಬರೆದಿದ್ರೆ ಇವತ್ತು ಈ ಗತಿ ಬರ್ತಿರಲಿಲ್ಲ. ಸೋಮವಾರದಿಂದ ಲೇಬಲ್ ಎಲ್ಲ ನೀನೇ ಬರೀ." ಆಮೇಲೆ ಫಾರ್ಮಿನ ಕೆಳಗಿನ ಖಾಲಿ ಚೌಕ ನೋಡಿ, "ಪರಿಶೀಲಿಸಿದವರು ಅಂತ ಸಹಪಾಠಿಯ ಗುರುತು ಬೇಕಲ್ಲ ಇಲ್ಲಿ. ಹಾಕಮ್ಮ ನೀನು, ಇದನ್ನಾದ್ರೂ ಸರಿಯಾಗಿ ನೋಡಿ ಹಾಕು," ಎಂದು ತಕ್ಕಡಿಗೆ ಕೊಟ್ಟರು.

ತಕ್ಕಡಿ ಮೇಜಿನ ಮೇಲೆ ಬಾಗಿದಳು. ಬೇರೆ ಕಾಲೇಜಿನವರ ಪೊಟ್ಟಣಗಳನ್ನು ಓದುತ್ತಿದ್ದ ಹಾಗೆ ಬೆರಳಿಟ್ಟು ಮೊದಲ ಸಾಲಿನಿಂದ ಓದತೊಡಗಿದಳು, ಸಣ್ಣ ಧ್ವನಿಯಲ್ಲಿ, ಅಕ್ಷರ ಅಕ್ಷರವಾಗಿ. ಇವಳ ಹೆಸರನ್ನು ಓದಿದಳು. ಇವಳ ಮನೆಯ ವಿಳಾಸ ಓದಿದಳು, ಎಷ್ಟೋ ಸಲ ಬಂದು ಉಂಡು ಮಲಗಿದ್ದ ಮನೆ. ಆಸ್ಪತ್ರೆ ಎಂದು ಓದಿದಳು. ಕಟ್ಟಕಡೆಯ ಸಾಲಿನ ಕೆಳಗೆ ಬೆರಳು ನಿಂತಿತು. "ಮೇಲಿನದೆಲ್ಲ ನನ್ನ ಸ್ವಂತ ಕೈಬರಹದಲ್ಲಿದೆ," ಎಂದು ಓದಿ, ಪೆನ್ನಿಗಾಗಿ ಕೈ ಚಾಚಿದಳು. ಇವಳು ತನ್ನ ಪೆನ್ನನ್ನೇ ಕೊಟ್ಟಳು.

ಆಗ ತಕ್ಕಡಿ ಮೊದಲ ಬಾರಿಗೆ ಅವಳ ಮುಖ ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟೂ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ತೂಕದ ಮುಳ್ಳು ನಿಲ್ಲುವುದನ್ನು ಕಾಯುವಾಗಿನ ನೋಟ ಅದು.

"ಮೊದಲು ಚುಕ್ಕೆ ಇಡ್ತೀನಿ ಕಣೇ," ಎಂದಳು, ಯಾವುದೋ ಪಾಠ ಹೇಳಿಕೊಡುವವಳ ಹಾಗೆ ಮೆತ್ತಗೆ. ಇಟ್ಟಳು. "ಗೆರೆ ಆಮೇಲೆ, ಚುಕ್ಕೆಯಿಂದಲೇ ಶುರು." ನಿಧಾನವಾಗಿ ಎಳೆದಳು. "ಸರಿಯಾಗಿ ನೋಡ್ಕೋ. ಇನ್ನೊಂದು ಸಲ ಬೇಕಾಗಬಹುದು."

ಮೇಡಂ ಏನೂ ಅರ್ಥವಾಗದೆ ಇಬ್ಬರನ್ನೂ ನೋಡಿ, ಫಾರ್ಮನ್ನು ಎಳೆದುಕೊಂಡು ಮೊಹರು ಒತ್ತಿದರು.